ಬಿಯರಿಗೆ ಹುರಿದ ಕೊತ್ತಂಬರಿ

ಜೀವಮಾನದಲ್ಲಿ ನಾನು ಕೊಟ್ಟ ಸಲಹೆಗಳಿಗೆ ಲೆಕ್ಕವಿಲ್ಲ. ಮಣಿಪಾಲದ ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಗೆ, ಆಮೇಲೆ ಧೈರ್ಯ ಬಂದು ಹೆಂಡತಿಗೂ ಕೊಟ್ಟಿದ್ದೇನೆ. ಯಾರೂ ಒಂದನ್ನೂ ಪಾಲಿಸಲಿಲ್ಲ. ಹಾಗಾಗಿ ಲೋಕಕ್ಕೆ ನನ್ನಿಂದ ಹೆಚ್ಚಿನ ಹಾನಿ ಆಗಲಿಲ್ಲ. ಒಬ್ಬರು ಮಾತ್ರ, ಒಂದೇ ಒಂದು ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದರು. ಇದು ಅವರ ಕಥೆ. ನನ್ನ ಮೂಗಿನ ಕಥೆಯೂ ಹೌದು.

ಮೂಗಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನನ್ನ ಅಪ್ಪ ಅಡುಗೆ ಭಟ್ಟರು. ಉಡುಪಿಯ ಸುತ್ತಮುತ್ತ ಮದುವೆ, ಉಪನಯನ, ಸಮಾರಾಧನೆ ಎಲ್ಲಿದ್ದರೂ ಅವರ ಸಟ್ಟುಗ ಅಲ್ಲಿರುತ್ತಿತ್ತು. ನಮ್ಮ ಕಡೆಯ ಅಡುಗೆಯವರಿಗೆ ಒಂದು ಕಟ್ಟುನಿಟ್ಟು. ದೇವರಿಗೆ ನೈವೇದ್ಯ ಆಗುವ ತನಕ ಮಾಡಿದ್ದನ್ನು ನಾಲಗೆಗೆ ಮುಟ್ಟಿಸುವಂತಿಲ್ಲ. ಮುನ್ನೂರು ಜನರ ಸಾರಿಗೆ ಉಪ್ಪು ಸಾಕೋ ಬೇಕೋ ಎಂಬುದನ್ನು ಬಾಯಿ ಹಾಕದೆಯೇ ತೀರ್ಮಾನಿಸಬೇಕು. ಅಪ್ಪ ಕೊಪ್ಪರಿಗೆಯ ಬಳಿ ನಿಂತು, ಕುದಿಯುವ ಹಬೆಯನ್ನು ಅಂಗೈಯಿಂದ ಮುಖದ ಕಡೆ ಎಳೆದುಕೊಂಡು, ಕ್ಷಣ ಹೊತ್ತು ಕಣ್ಣು ಮುಚ್ಚಿ, "ಇನ್ನೊಂದು ಮುಷ್ಟಿ ಉಪ್ಪು" ಎನ್ನುತ್ತಿದ್ದರು. ಅದು ತಪ್ಪಿದ್ದು ನನಗೆ ನೆನಪಿಲ್ಲ. ಮೂಸಿ ನೋಡಿದರೂ ಮೈಲಿಗೆಯೇ ಅಲ್ಲವೇ ಎಂದು ಒಬ್ಬ ವೈದಿಕರು ಒಮ್ಮೆ ಆಕ್ಷೇಪಿಸಿದರು. ಅಪ್ಪ ತಣ್ಣಗೆ, "ನಾನು ಎಲ್ಲಿ ಮೂಸುತ್ತೇನೆ ಮಾರಾಯ್ರೆ? ಅದೇ ಬಂದು ಮೂಗಿಗೆ ತಾಗುತ್ತದೆ. ನಾನು ಎಂತ ಮಾಡಲಿ?" ಎಂದರು.

ನಾನು ಅಡುಗೆಯ ಕೆಲಸಕ್ಕೆ ಹೋಗಲಿಲ್ಲ. ಮಣಿಪಾಲದ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಸೇರಿದೆ. ಚೀಟಿ ಕಿತ್ತುಹೋದ ಬಾಟಲಿಗಳಲ್ಲಿ ಏನಿದೆ ಎಂದು ಮೂಸಿ ಹೇಳುವುದರಲ್ಲಿ ಅಲ್ಲಿ ನನಗೆ ಹೆಸರಿತ್ತು. ಮೂಗು ಅಪ್ಪನಿಂದ ಬಂದದ್ದು. ಅದರ ಬಗ್ಗೆ ಜಂಬ ಮಾತ್ರ ನನ್ನ ಸ್ವಂತ ಸಂಪಾದನೆ.

ಆಗ ನಮ್ಮ ಮನೆ ಶಂಕರಪುರದಲ್ಲಿತ್ತು. ಒಂದು ಗದ್ದೆ ದಾಟಿದರೆ ಪರ್ಬುಗಳ ಮನೆ. ಕೊಂಕಣಿ ಮಾತಾಡುವ ಕ್ರಿಶ್ಚನ್ನರನ್ನು ನಮ್ಮಲ್ಲಿ ಗೌರವದಿಂದ ಹಾಗೆ ಕರೆಯುತ್ತಾರೆ, ಅವರ ಮನೆಯ ಹೆಂಗಸರನ್ನು ಬಾಯಮ್ಮ ಎನ್ನುತ್ತಾರೆ. ಈ ಪರ್ಬುಗಳು ಸರಕಿನ ಹಡಗುಗಳಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ, ಎಂಬತ್ತರ ದಶಕದ ಆರಂಭದಲ್ಲಿ ಊರಿಗೆ ಬಂದು ನೆಲೆ ನಿಂತವರು. ಅದಕ್ಕೆ ಮೊದಲು ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ಬರುತ್ತಿದ್ದರು, ಹೋಗುತ್ತಿದ್ದರು. ಅಷ್ಟರಲ್ಲಿ ಬಾಯಮ್ಮ ಒಬ್ಬರೇ ಮಲ್ಲಿಗೆ ತೋಟ ಎಬ್ಬಿಸಿದರು, ಮನೆಗೆ ಹೆಂಚು ಹಾಕಿಸಿದರು, ಒಬ್ಬಳೇ ಮಗಳನ್ನು ಓದಿಸಿ ಟೀಚರ್ ಮಾಡಿದರು.

ಪರ್ಬುಗಳು ಶಾಶ್ವತವಾಗಿ ಬಂದು ಆರು ತಿಂಗಳಾದರೂ ಆ ಮನೆಗೆ ಅದು ಅಭ್ಯಾಸವಾಗಿರಲಿಲ್ಲ. ಅವರಿಗೆ ಹೂವಿನ ಚಿತ್ರದ ಪಿಂಗಾಣಿ ತಟ್ಟೆಯಲ್ಲೇ ಊಟ. ಅವರು ಎದ್ದರೆ ಮಗಳೂ ಎದ್ದು ನಿಲ್ಲುತ್ತಿದ್ದಳು. ತಾಯಿ ಮಗಳು ಹಿತ್ತಲ ಜಗಲಿಯಲ್ಲಿ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತ ಜಗಳವಾಡುವುದು ನಮ್ಮ ಮನೆಗೂ ಕೇಳುತ್ತಿತ್ತು. ಇವರು ಹೋಗಿ ಕೂತರೆ ಜಗಳ ನಿಂತು, "ಚಾ ಬೇಕಾ ಪಪ್ಪಾ?" ಎಂಬ ಪ್ರಶ್ನೆ ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ಮಗಳಿಗೆ ಅಜೆಕಾರಿನ ಕಡೆಯ ಹುಡುಗನ ಜೊತೆ ಮದುವೆ ನಿಶ್ಚಯವಾಯಿತು. ಒಂದು ದಿನ ಸಂಜೆ ನಾನು ಬಸ್ಸಿಳಿದು ಬರುವಾಗ ಪರ್ಬುಗಳು ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ನನಗಾಗಿ ಕಾಯುತ್ತಿದ್ದರು.

"ಭಟ್ರೇ, ನಿಮ್ಮ ಲ್ಯಾಬಿನಲ್ಲಿ ಥರ್ಮಾಮೀಟರ್ ಉಂಟಲ್ವಾ? ಬಿಸಿನೀರಿಗೆ ಹಾಕುವಂಥದ್ದು?"

"ಉಂಟು. ಯಾರಿಗೆ ಜ್ವರ?"

"ಜ್ವರ ಅಲ್ಲ, ಬಿಯರ್."

ಹುಣಿಯ ಮೇಲೇ ಕೂತು ಅವರು ಎಲ್ಲವನ್ನೂ ಹೇಳಿದರು. ಬೆಲ್ಜಿಯಂ ದೇಶದ ಬಂದರಿನಲ್ಲಿ ಅವರ ಹಡಗು ರಿಪೇರಿಗೆ ನಿಂತು ಮೂರು ತಿಂಗಳು ಅಲ್ಲೇ ಉಳಿಯಬೇಕಾಯಿತಂತೆ. ಬಾಡಿಗೆಗಿದ್ದ ಮನೆಯ ಯಜಮಾನಿ ಒಬ್ಬ ವಿಧವೆ. ಕೆಳಗಡೆ ಅವಳದೇ ಸಣ್ಣ ಪಾನಗೃಹ, ಹಿತ್ತಲಲ್ಲಿ ಹಂಡೆ. ಗೋಧಿಯಿಂದ ಅವಳು ಮಾಡುತ್ತಿದ್ದ ಬಿಯರಿಗೆ ಕಹಿ ಕಿತ್ತಳೆಯ ಸಿಪ್ಪೆ ಮತ್ತು ಕೊತ್ತಂಬರಿ ಬೀಜ ಹಾಕುತ್ತಿದ್ದಳು. ಕೆಲಸವಿಲ್ಲದ ಅಡುಗೆಯವನು ಅಡುಗೆಮನೆಯ ಹತ್ತಿರವೇ ಸುಳಿಯುತ್ತಾನೆ. ಇವರು ಹಂಡೆ ತೊಳೆದುಕೊಟ್ಟು, ಸೌದೆ ಒಡೆದುಕೊಟ್ಟು ಅದನ್ನು ಕಲಿತರು. ಕೊನೆಯ ಪ್ರಯಾಣದಲ್ಲಿ ಅದಕ್ಕೆ ಬೇಕಾದ ಹಾಪ್ಸ್ ಎಂಬ ಒಣ ಹೂವನ್ನು ಒಂದು ಬಟ್ಟೆಚೀಲದಷ್ಟು ತಂದಿದ್ದರು.

"ಮದುವೆಯ ಟೋಸ್ಟಿಗೆ, ಲೋಟ ಎತ್ತಿ ಮದುಮಕ್ಕಳನ್ನು ಹರಸುವಾಗ, ಅದನ್ನು ಕೊಡಬೇಕು ಅಂತ ನನಗೆ" ಎಂದರು ಪರ್ಬುಗಳು. "ಚಪ್ಪರಕ್ಕೆ ಹೇಳಿದ್ದು ನನ್ನ ಹೆಂಡತಿ, ಬ್ಯಾಂಡಿಗೆ ಹೇಳಿದ್ದು ಅವಳು, ಸೀರೆ, ಗೌನು, ಕಾಗದ ಎಲ್ಲ ಅವಳೇ. ನಾನು ಏನು ಮುಟ್ಟಲು ಹೋದರೂ, ನೀವು ಕುಳಿತುಕೊಳ್ಳಿ ಅಂತ. ಆ ಮನೆಗೆ ನಾನು ಇನ್ನೂ ನೆಂಟ, ಭಟ್ರೇ. ಮಗಳು ಅಜೆಕಾರಿಗೆ ಹೋಗುವ ಮೊದಲು ನಾನು ಅವಳಿಗೆ ಅಪ್ಪ ಆಗಬೇಕು. ಕೈಯಲ್ಲಿ ಬರುವುದು ಅಡುಗೆ ಒಂದೇ."

ಬಾಯಮ್ಮ ಪ್ರತಿ ಕ್ರಿಸ್ಮಸ್ಸಿಗೆ ಮನೆಯಲ್ಲೇ ದ್ರಾಕ್ಷಿಯ ವೈನ್ ಹಾಕುತ್ತಿದ್ದರು. ಮದುವೆಗೂ ಅದರ ಎರಡು ಭರಣಿ ಆಗಲೇ ಸಿದ್ಧವಾಗಿತ್ತು. ಗಂಡನ ಆಸೆಗೆ ಅವರು ಬೇಡ ಎನ್ನಲಿಲ್ಲ, ಒಂದು ಷರತ್ತು ಹಾಕಿದರು. ಹೊರಗಿನವರು, ದಾಕ್ಷಿಣ್ಯಕ್ಕೆ ಸುಳ್ಳು ಹೇಳದವರು ಒಬ್ಬರು ರುಚಿ ನೋಡಿ ಸರಿ ಉಂಟು ಎನ್ನಬೇಕು. ಇಲ್ಲವಾದರೆ ವೈನೇ. ಆ ಹೊರಗಿನವನು ಯಾರು ಎಂಬುದನ್ನೂ ಅವರೇ ತೀರ್ಮಾನಿಸಿದ್ದರು. ಮೂರು ತಲೆಮಾರಿನಿಂದ ರುಚಿ ಹೇಳುವ ಮನೆತನದವನು, ಕುಡಿತದ ಗಂಧಗಾಳಿ ಇಲ್ಲದವನು. ನಾನು.

ನಾನು ಬೇಡ ಎನ್ನಬಹುದಿತ್ತು. ಆದರೆ ನನ್ನ ಮೂಗನ್ನು ಹೊಗಳಿದವರಿಗೆ ಬೇಡ ಎನ್ನುವ ಶಕ್ತಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮೊದಲು ಮಾದರಿಗೆ ಸ್ವಲ್ಪವೇ ಮಾಡುವುದೆಂದಾಯಿತು. ಆದಿ ಉಡುಪಿಯಿಂದ ಗೋಧಿ ಬಂತು. ಅದನ್ನು ನೆನೆಸಿ, ಮೊಳಕೆ ಕಟ್ಟಿ, ಚಾಪೆಯ ಮೇಲೆ ಒಣಗಿಸಿ, ನುಚ್ಚು ಮಾಡಿದರು. ಥರ್ಮಾಮೀಟರ್ ಹಿಡಿದು ನಾನೇ ಹಂಡೆಯ ಪಕ್ಕ ಕೂತೆ. ನೀರು ಹೆಚ್ಚು ಬಿಸಿಯಾದರೆ ಗಂಜಿಯಾಗುತ್ತದೆ, ಕಡಿಮೆಯಾದರೆ ಸಿಹಿ ಬಿಡುವುದಿಲ್ಲ. ಸೋಸಿದ ನೀರಿಗೆ ಹಾಪ್ಸ್ ಹಾಕಿ ಕುದಿಸಿದರು. ಕಹಿ ಕಿತ್ತಳೆ ಇಲ್ಲಿ ಎಲ್ಲಿಯದು? ಹಿತ್ತಲಿನ ಕಂಚಿಹುಳಿಯ ಸಿಪ್ಪೆಯನ್ನೇ ಒಣಗಿಸಿ ಹಾಕಿದರು. ಕೊನೆಗೆ ಜಜ್ಜಿದ ಕೊತ್ತಂಬರಿ. ಆರಿದ ಮೇಲೆ ಹುಳಿ ಬರಿಸಲಿಕ್ಕೆ ಕಾಪುವಿನಿಂದ ತರಿಸಿದ ಕಳ್ಳಿನ ಗಸಿ, ಅವರ ಮನೆಯಲ್ಲಿ ಇಡ್ಲಿಯಂಥ ಸಾನ್ನಕ್ಕೆ ಹಾಕುತ್ತಾರಲ್ಲ, ಅದೇ. ಬಾಟಲಿಗೆ ತುಂಬಿ ಬೆಂಡಿನ ಮುಚ್ಚಳ ಒತ್ತಿ, ಹಾರದ ಹಾಗೆ ಬಾಳೆನಾರಿನಿಂದ ಕಟ್ಟಿದರು. ಅದಕ್ಕಾಗಿ ನಾರು ಕೇಳಿದಾಗ ಬಾಯಮ್ಮ, "ಮಲ್ಲಿಗೆಗೆ ಬೇಕು, ಎಲ್ಲ ಮುಗಿಸಬೇಡಿ" ಎಂದಷ್ಟೇ ಹೇಳಿದರು.

ಒಂದು ಭಾನುವಾರ ಮಧ್ಯಾಹ್ನ ನನಗೆ ಕರೆ ಬಂತು. ಬಾಯಮ್ಮ ಬಾಗಿಲ ಬಳಿ ನಿಂತಿದ್ದರು. ಮಗಳು ಒಳಗೆ ಮದುವೆಯ ಕಾಗದಗಳಿಗೆ ವಿಳಾಸ ಬರೆಯುತ್ತಿದ್ದಳು. ಪರ್ಬುಗಳು ಗಾಜಿನ ಲೋಟವನ್ನು ಓರೆಯಾಗಿ ಹಿಡಿದು ಬಿಯರ್ ಸುರಿದರು. ಮಜ್ಜಿಗೆ ನೀರಿನ ಹಾಗೆ ಮಸುಕು ಹಳದಿ, ಮೇಲೆ ಎರಡು ಬೆರಳು ಬಿಳಿ ನೊರೆ.

"ಕುಡಿಯಿರಿ ಭಟ್ರೇ."

ನಾನು ಲೋಟ ಎತ್ತಲಿಲ್ಲ. ಅಪ್ಪನ ಹಾಗೆಯೇ ಅಂಗೈಯಿಂದ ಪರಿಮಳವನ್ನು ಎಳೆದುಕೊಂಡು ಕಣ್ಣು ಮುಚ್ಚಿದೆ. ಅಪ್ಪನಿಗಾದರೆ ದೇವರ ಕಾರಣವಿತ್ತು. ನನ್ನ ಕಾರಣ ಬೇರೆ. ಬಾಯಿಗೆ ವಾಸನೆ ಹತ್ತಿದರೆ ಗದ್ದೆಯ ಆಚೆ ಅಪ್ಪನ ಮೂಗು ಇತ್ತು. ಆದರೂ ಅದನ್ನು ಹೇಳದೆ, ಇದೇ ನಮ್ಮ ವಿದ್ಯೆ ಎಂಬಂತೆ ನಡೆದುಕೊಂಡೆ. ಇವತ್ತು ನೆನೆಸಿದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

"ಎಲ್ಲ ಸರಿ ಉಂಟು" ಎಂದೆ. "ಒಂದು ಕೊರತೆ. ಕೊತ್ತಂಬರಿ ಹಸಿ ವಾಸನೆ ಬರುತ್ತದೆ. ನೀವು ಹುರಿಯಲಿಲ್ಲ, ಅಲ್ವಾ?"

"ಅಲ್ಲಿ ಹುರಿಯುವುದಿಲ್ಲ."

"ಅವರಿಗೆ ಕೊತ್ತಂಬರಿ ಗೊತ್ತಾದದ್ದು ಯಾವಾಗ ಪರ್ಬುಗಳೇ? ಒಂದು ಚಮಚ ತೆಂಗಿನೆಣ್ಣೆ ಬಿಟ್ಟು, ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು ಹಾಕಿ ನೋಡಿ. ಟೋಸ್ಟ್ ಹೇಳುವವರು ಮಾತು ಮರೆಯಬೇಕು."

ಪರ್ಬುಗಳು ಅನುಮಾನದಿಂದ ತಲೆ ಕೆರೆದುಕೊಂಡರು. ಬಾಯಮ್ಮನಿಗೆ ಅನುಮಾನವಿರಲಿಲ್ಲ. "ಭಟ್ರ ಮಗ ಹೇಳಿದ ಮೇಲೆ ಮುಗಿಯಿತು. ಹಾಗೆಯೇ ಮಾಡಿ" ಎಂದು ತೀರ್ಪು ಕೊಟ್ಟು ಒಳಗೆ ಹೋದರು.

ಮದುವೆಯ ಬಿಯರ್ ಕುದಿಸಿದ ದಿನ ಹುರಿಯಲು ನಾನೇ ಕೂತೆ. ಒಲೆಯ ಮುಂದೆ ಕೂತರೆ ನಮ್ಮ ಕೈ ನಮ್ಮ ಮಾತು ಕೇಳುವುದಿಲ್ಲ. ಕೊತ್ತಂಬರಿ ಕೆಂಪಾಗುತ್ತಿದ್ದಂತೆ ಕೈ ಜೀರಿಗೆಯ ಡಬ್ಬಕ್ಕೆ ಹೋಯಿತು. ಜೀರಿಗೆ ಬಿದ್ದ ಮೇಲೆ ನಾಲ್ಕು ಕಾಳು ಮೆಂತೆ ಹಾಕದಿದ್ದರೆ ಏನೋ ಅರ್ಧಕ್ಕೆ ಬಿಟ್ಟಂತೆ ಆಯಿತು. ಘಮ ಅಂಗಳ ದಾಟಿ, ಗದ್ದೆ ದಾಟಿ ಹೋಯಿತು. ಸಂಜೆ ಮನೆಗೆ ಹೋದಾಗ ಅಪ್ಪ ಜಗಲಿಯಲ್ಲಿ ಕೂತು, "ಪರ್ಬುಗಳ ಮನೆಯಲ್ಲಿ ಇವತ್ತು ಯಾರು ಸಾರಿನ ಪುಡಿ ಮಾಡಿದ್ದು? ಹದ ಒಳ್ಳೆ ಬಂದಿದೆ" ಎಂದರು. ಗೊತ್ತಿಲ್ಲ ಎಂದೆ. ಹೊಗಳಿಕೆ ಎಂದುಕೊಂಡು ಒಳಗೊಳಗೇ ಹಿಗ್ಗಿದೆ. ಅಪ್ಪ ಅಷ್ಟು ಸ್ಪಷ್ಟವಾಗಿ ಹೇಳಿದ್ದು ನನ್ನ ತಲೆಗೆ ಹೋಗಲೇ ಇಲ್ಲ.

ಮದುವೆಗೆ ಮೂರು ದಿನ ಇರುವಾಗ ಮೊದಲ ಬಾಟಲಿ ಬಿಚ್ಚಿದರು. ಬಾಯಮ್ಮ ಹೂ ಕೊಡಲು ಪೇಟೆಗೆ ಹೋಗಿದ್ದರು. ಅಡುಗೆಮನೆಯಲ್ಲಿ ನಾವಿಬ್ಬರೇ. ಲೋಟದಲ್ಲಿ ನೊರೆ ಎದ್ದಿತು, ಎದ್ದ ಹಾಗೆಯೇ ಇಳಿದುಹೋಯಿತು. ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣುಗಳು ತೇಲಿದವು. ಎಣ್ಣೆ ಇರುವಲ್ಲಿ ನೊರೆ ನಿಲ್ಲುವುದಿಲ್ಲ ಎಂಬುದು ದಿನಾ ಪ್ರಯೋಗಾಲಯದ ಗಾಜು ತೊಳೆಯುವ ನನಗೆ ಗೊತ್ತಿರಬೇಕಿತ್ತು.

"ಈ ಸಲ ಬಾಯಿಗೆ ಹಾಕಿ" ಎಂದರು ಪರ್ಬುಗಳು. ಹೇಳಿದ ರೀತಿ ನೋಡಿ ನಾನು ಲೋಟ ಎತ್ತಿದೆ.

ನನ್ನ ಬಾಯಿಗೆ ಬಿದ್ದ ಮೊದಲ ಬಿಯರ್ ಅದು. ಅದು ಬಿಯರ್ ಆಗಿರಲಿಲ್ಲ. ತಣ್ಣಗಿನ, ಗುಳ್ಳೆ ಏಳುವ, ಉಪ್ಪು ಹಾಕಲು ಮರೆತ ಸಾರು. ಕಂಚಿಹುಳಿ ಹುಣಿಸೆಹುಳಿಯ ಕೆಲಸವನ್ನು ವಹಿಸಿಕೊಂಡಿತ್ತು. ಮೆಂತೆಯ ಕಹಿ ಕೊನೆಯಲ್ಲಿ ಬಂದು ಗಂಟಲಲ್ಲಿ ನಿಂತಿತು. ಕರಿಬೇವಿನ ಒಗ್ಗರಣೆ ಒಂದು ಬಿದ್ದಿದ್ದರೆ ಯಾವ ಪಂಕ್ತಿಯಲ್ಲೂ ಬಡಿಸಬಹುದಿತ್ತು.

"ಇದು ಸಾರು" ಎಂದೆ.

"ಸಾರೇ" ಎಂದರು ಪರ್ಬುಗಳು. "ಮೊದಲಿನದ್ದು ಹೇಗಿತ್ತು?"

"ಗೊತ್ತಿಲ್ಲ. ನಾನು ಕುಡಿಯಲಿಲ್ಲ. ಮೂಗಿನಲ್ಲೇ ಹೇಳಿದೆ."

ಅವರು ಬಯ್ಯಲಿಲ್ಲ. ಸ್ಟೂಲಿನ ಮೇಲೆ ಕೂತು ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡರು. ಹಾಪ್ಸಿನ ಚೀಲ ಖಾಲಿ. ಇದ್ದರೂ ಮೂರು ದಿನದಲ್ಲಿ ಆಗುವಂಥದ್ದಲ್ಲ. "ಹಡಗಿನಲ್ಲಿ ಬಾಯಿಗೆ ಹಾಕದೆ ಯಾರಿಗೂ ಒಂದು ತುತ್ತು ಬಡಿಸಿದವನಲ್ಲ ನಾನು. ಅದನ್ನು ಬಿಟ್ಟು ನಿಮ್ಮ ಮಾತು ಕೇಳಿದೆ" ಎಂದರು. ನನಗೆ ಅಳು ಬರುವುದೊಂದು ಬಾಕಿ. ಬೇರೆಯವರ ವರ್ಷಗಟ್ಟಲೆಯ ಆಸೆಯ ಮೇಲೆ ನಾನು ಜೀರಿಗೆ ಉದುರಿಸಿದ್ದೆ.

ಅಷ್ಟರಲ್ಲಿ ಮಗಳು ಬಂದಳು. ಶಾಲೆಗೆ ರಜೆ ಹಾಕಿದ್ದಳು. ನಮ್ಮ ಮುಖ ನೋಡಿ, ಲೋಟ ನೋಡಿ, ಯಾರನ್ನೂ ಕೇಳದೆ ಎತ್ತಿ ಒಂದು ಗುಟುಕು ಕುಡಿದಳು. ಹುಬ್ಬು ಗಂಟಿಕ್ಕಿತು. ನಮ್ಮನ್ನು ನೋಡಿಕೊಂಡೇ ನುಂಗಿದಳು.

"ಇದು ಚೆನ್ನಾಗಿಲ್ಲ ಪಪ್ಪಾ" ಎಂದಳು. ಮತ್ತೊಮ್ಮೆ ಲೋಟದೊಳಗೆ ನೋಡಿ, "ಎಂತ ಹಾಕಿದ್ದೀರಿ ಇದಕ್ಕೆ? ಸ್ವಲ್ಪವೂ ಚೆನ್ನಾಗಿಲ್ಲ."

ಪರ್ಬುಗಳು ತಲೆ ಎತ್ತಿದರು. "ಇನ್ನೊಂದು ಸಲ ಹೇಳು."

"ಹೇಳುವುದೇನು? ಕೆಟ್ಟದಾಗಿ ಉಂಟು. ಮದುವೆ ನನ್ನದು. ಅಮ್ಮನನ್ನು ಕೇಳಿದಿರಿ, ಗದ್ದೆಯಾಚೆಯಿಂದ ಇವರನ್ನು ಕರೆದು ಕೇಳಿದಿರಿ. ನಿನಗೆ ಹೇಗೆ ಬೇಕು ಅಂತ ನನ್ನನ್ನು ಕೇಳಿದಿರಾ? ಇವರು ಹುರಿಯಿರಿ ಅಂದರೆ ಹುರಿಯುವುದಾ? ನಿಮಗೆ ಗೊತ್ತಿರಲಿಲ್ವಾ?" ನನ್ನ ಕಡೆ ತಿರುಗಿ, "ನೀವಾದರೂ ಕುಡಿಯದೆ ಹೇಗೆ ಹೇಳಿದಿರಿ? ಪರೀಕ್ಷೆಯ ಪೇಪರನ್ನು ನಾವು ಮೂಸಿ ಮಾರ್ಕ್ ಹಾಕುತ್ತೇವಾ?"

ಪರ್ಬುಗಳು ನಗುತ್ತಿದ್ದರು. ಮೊದಲು ಸದ್ದಿಲ್ಲದೆ, ಆಮೇಲೆ ಹೊಟ್ಟೆ ಕುಲುಕಿಸಿ, ಕಣ್ಣಿನಲ್ಲಿ ನೀರು ಬರುವಷ್ಟು.

"ಭಟ್ರೇ, ಇಷ್ಟು ವರ್ಷ ನಾನು ತಂದದ್ದೆಲ್ಲ ಇವಳಿಗೆ ಚೆನ್ನಾಗಿತ್ತು. ಎರಡು ಅಳತೆ ದೊಡ್ಡ ಬೂಟ್ಸ್ ತಂದೆ, ಚೆನ್ನಾಗಿದೆ ಪಪ್ಪಾ. ಹೆಣ್ಣುಮಗುವಿಗೆ ಕ್ಷೌರದ ಕನ್ನಡಿ ತಂದೆ, ಚೆನ್ನಾಗಿದೆ ಪಪ್ಪಾ. ನೆಂಟರಿಗೆ ಹೇಳುವ ಹಾಗೆ. ಚೆನ್ನಾಗಿಲ್ಲ ಅಂತ ಇವತ್ತು ಹೇಳಿದಳು."

ಮಗಳ ಮುಖ ಕೆಂಪಾಯಿತು. ಆಮೇಲೆ ಇನ್ನೊಂದು ಸ್ಟೂಲ್ ಎಳೆದು ಅವರ ಎದುರು ಕೂತು, "ಮೊದಲು ಮಾಡಿದ್ದು ಉಂಟಾ?" ಎಂದು ಕೇಳಿದಳು.

ಒಂದೇ ಬಾಟಲಿ ಉಳಿದಿತ್ತು. ಪರ್ಬುಗಳು ಬಾಳೆನಾರು ಬಿಚ್ಚುತ್ತಿದ್ದಂತೆಯೇ ಮುಚ್ಚಳ ಹಾರಿ ಮಾಡಿನ ಹೆಂಚಿಗೆ ಬಡಿಯಿತು. ಮೂರು ಲೋಟಗಳಿಗೆ ಸಮನಾಗಿ ಸುರಿದರು. ನೊರೆ ನಿಂತಿತು. ನಾನು ಈ ಸಲ ಮೂಗಿಗೆ ಅವಕಾಶ ಕೊಡದೆ ನೇರ ಬಾಯಿಗೆ ಹಾಕಿದೆ. ಮೊದಲು ಗೋಧಿಯ ಮೆಲ್ಲನೆಯ ಸಿಹಿ, ಹಸುವಿನ ಹಾಲಿನ ಗಂಜಿಯನ್ನು ನೆನಪಿಸುವಂಥದ್ದು. ಅದರ ಹಿಂದೆಯೇ ಕಂಚಿಹುಳಿಯ ಸಿಪ್ಪೆ ಹಿಂಡಿದಾಗ ಬೆರಳಿಗೆ ಸಿಡಿಯುತ್ತದಲ್ಲ, ಆ ಚುರುಕು. ನಾನು ಹಸಿ ಎಂದು ಹಳಿದಿದ್ದ ಕೊತ್ತಂಬರಿ ಎಲ್ಲಿಯೂ ಹಸಿಯಾಗಿರಲಿಲ್ಲ. ಹುಡುಕಿದರೆ ಸಿಗದು, ಬಿಟ್ಟರೆ ಬಂದು ಮುಟ್ಟಿ ಹೋಗುವುದು, ಇನ್ನೊಂದು ಜಾತಿಯ ಕಿತ್ತಳೆಯೋ ಎಂಬಂತೆ. ಕೊನೆಗೆ ಸಣ್ಣ ಕಹಿ, ಮತ್ತೊಂದು ಗುಟುಕು ಬೇಕೆನಿಸುವಷ್ಟೇ. ಹುಟ್ಟಿದಾರಭ್ಯ ಕೊತ್ತಂಬರಿ ತಿಂದವನು ನಾನು. ಬೇರೆ ದೇಶದ ವಿಧವೆಯೊಬ್ಬಳು ನನಗೆ ಅದರ ರುಚಿ ತೋರಿಸಿದಳು.

ಪರ್ಬುಗಳು ನನ್ನ ಕಡೆ ನೋಡಲೂ ಇಲ್ಲ. ಮಗಳನ್ನೇ ನೋಡುತ್ತಿದ್ದರು. ಅವಳು ನಿಧಾನವಾಗಿ ಕುಡಿದು, ಮೇಲ್ದುಟಿಯ ನೊರೆ ಒರೆಸಿಕೊಂಡು, "ಇದು ಅಡ್ಡಿ ಇಲ್ಲ" ಎಂದಳು. "ಸಿಪ್ಪೆ ಸ್ವಲ್ಪ ಜಾಸ್ತಿ ಆಯಿತು ಪಪ್ಪಾ."

"ಜಾಸ್ತಿ ಆಯಿತಾ?"

"ಸ್ವಲ್ಪ. ಆ ಹೆಂಗಸು ಎಷ್ಟು ಹಾಕುತ್ತಿದ್ದಳು?"

ಪರ್ಬುಗಳು ಹೇಳತೊಡಗಿದರು. ಸಿಪ್ಪೆಯ ಲೆಕ್ಕದಿಂದ ಶುರುವಾದದ್ದು ಆ ಹಿತ್ತಲಿಗೆ, ಅಲ್ಲಿಯ ಚಳಿಗೆ, ಕ್ರಿಸ್ಮಸ್ಸಿನ ದಿನ ಬಂದರಿನಲ್ಲಿ ಒಬ್ಬರೇ ಇದ್ದದ್ದಕ್ಕೆ ಹೋಯಿತು. ಮಗಳು ನಡುನಡುವೆ ತಡೆದು ಕೇಳುತ್ತಿದ್ದಳು, ಕೆಲವಕ್ಕೆ ನಂಬದೆ ವಾದಿಸುತ್ತಿದ್ದಳು. ನಾನು ಖಾಲಿ ಲೋಟ ತೊಳೆದಿಟ್ಟು, ಹೇಳದೆ ಹಿಂದಿನ ಬಾಗಿಲಿನಿಂದ ಬಂದೆ. ಅಪ್ಪ ಜಗಲಿಯಲ್ಲೇ ಇದ್ದರು. ಗಾಳಿ ಒಮ್ಮೆ ಎಳೆದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಂಚಿಹುಳಿ ಒಳ್ಳೆಯದೇ, ಆದರೆ ಬಾಯಿ ತೊಳೆದುಕೊಂಡು ಒಳಗೆ ಹೋಗು. ಅಮ್ಮ ದೇವರ ಮುಂದೆ ಕೂತಿದ್ದಾಳೆ" ಎಂದರು.

ಮದುವೆಯ ಟೋಸ್ಟಿಗೆ ಬಾಯಮ್ಮನ ವೈನನ್ನೇ ಎತ್ತಿದರು. ಸಾರಿನ ಬಿಯರ್ ಅಷ್ಟನ್ನೂ ಬ್ಯಾಂಡಿನವರು ಕುಡಿದು, ಜೊತೆಗೆ ಹಪ್ಪಳ ಇದ್ದಿದ್ದರೆ ಒಳ್ಳೆಯದಿತ್ತು ಎಂದರಂತೆ.

ಅವತ್ತು ಬೆಳಿಗ್ಗೆ ಇಗರ್ಜಿಗೆ ಹೊರಡುವ ಮೊದಲು ನಾನು ಅವರ ಮನೆಗೆ ಹೋಗಿದ್ದೆ. ಒಳಗಿನಿಂದ ಮದುಮಗಳ ಸ್ವರ ಅಂಗಳಕ್ಕೆ ಕೇಳುತ್ತಿತ್ತು. "ಪಪ್ಪಾ, ಪಿನ್ ಎಲ್ಲಿ ಇಟ್ಟಿರಿ? ಪಪ್ಪಾ, ಆ ಕಿಟಕಿಯ ಹತ್ತಿರ ನಿಲ್ಲಬೇಡಿ, ಬೆಳಕು ಬರುವುದಿಲ್ಲ. ಕಾರು ಬಂತಾ ನೋಡಿ. ಇದು ಆ ಪಿನ್ ಅಲ್ಲ ಪಪ್ಪಾ, ಎಷ್ಟು ಸಲ ಹೇಳುವುದು?" ಪರ್ಬುಗಳು ಕೋಟು ಹಾಕಿ, ಟೈ ಓರೆಯಾಗಿ, ಬೆವರು ಸುರಿಸುತ್ತ ಒಳಗೂ ಹೊರಗೂ ಓಡುತ್ತಿದ್ದರು. ನಾನು ಮೆಟ್ಟಿಲಲ್ಲಿ ಅಡ್ಡ ಸಿಕ್ಕಿ, ಬಿಯರಿನ ವಿಷಯ ಕ್ಷಮೆ ಕೇಳೋಣವೆಂದು ಬಾಯಿ ತೆರೆದೆ. ಅವರು ನನ್ನ ಭುಜ ಹಿಡಿದು ಬದಿಗೆ ಸರಿಸಿದರು.

"ಈಗ ಪುರುಸೊತ್ತಿಲ್ಲ ಭಟ್ರೇ" ಎಂದರು. "ಮಗಳು ಬಯ್ಯುತ್ತಾಳೆ."